ರಾಕಿ ಹಾರರ್ ಥರದ ತಿಕ್ಕಲು ಮ್ಯೂಸಿಕಲ್‌ನ ಮನೇಲಿ ನೋಡೋರಿಗೆ: ಡಿವಿಡಿನಾ, ಬ್ಲೂ-ರೇನಾ, 4ಕೆನಾ, ಸ್ಟ್ರೀಮಿಂಗಾ?

ಮಾಮೂಲಿ ಸಿನಿಮಾದ ಡಿಸ್ಕ್ ತಗೋಬೇಕಾದ್ರೆ ಎಲ್ಲರೂ ಮೊದಲು ಕೇಳೋದು ಪಿಕ್ಚರ್ ಎಷ್ಟು ಕ್ಲಿಯರ್ ಇದೆ ಅಂತ. ಆದ್ರೆ ಈ ಜಾತಿ ಸಿನಿಮಾಗಳಿವೆಯಲ್ಲ, ಮುಖದ ತುಂಬ ಮೆತ್ತಿದ ಮೇಕಪ್ಪು, ನೋಡಿದ ತಕ್ಷಣ ಸುಳ್ಳು ಅಂತ ಗೊತ್ತಾಗೋ ಸೆಟ್ಟು, ಮಾತಾಡ್ತಾ ಮಾತಾಡ್ತಾ ಕಾರಣನೇ ಇಲ್ದೆ ಶುರುವಾಗೋ ಹಾಡು, ಬೇಕೂಂತಲೇ ಓವರ್ ಮಾಡೋ ಆಕ್ಟಿಂಗು, ಇವುಕ್ಕೆ ಆ ಪ್ರಶ್ನೆ ಮೂರನೇದೋ ನಾಲ್ಕನೇದೋ. ಮೊದಲನೇದು ಯಾವ ಕಟ್, ಅಂದ್ರೆ ಎಡಿಟ್ ಮಾಡಿದ ಯಾವ ರೂಪ, ಅನ್ನೋದು, ಎರಡನೇದು ಹಾಡು ಸರಿಯಾದ ಸ್ಪೀಡಲ್ಲಿ ಸರಿಯಾದ ಸೌಂಡಲ್ಲಿ ಬರುತ್ತಾ ಅನ್ನೋದು, ಆಮೇಲೆ ಯಾರ ಜೊತೆ ಕೂತು ನೋಡ್ತೀರ ಅನ್ನೋದು. ಈ ಮೂರಕ್ಕೆ ಉತ್ತರ ಸಿಕ್ಕಿದ್ಮೇಲೆ ಪಿಕ್ಸೆಲ್ ಲೆಕ್ಕ ಹಾಕಿ, ಬೇಡ ಅನ್ನಲ್ಲ.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. ದಿ ರಾಕಿ ಹಾರರ್ ಪಿಕ್ಚರ್ ಶೋ ಬಂದಿದ್ದು 1975ರಲ್ಲಿ, ಅದಕ್ಕೂ ಎರಡು ವರ್ಷ ಮುಂಚೆ 1973ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್‌ನ ಮಹಡಿ ಮೇಲಿನ ಪುಟ್ಟ ರಂಗಮಂದಿರದಲ್ಲಿ ನಾಟಕವಾಗಿ ಶುರುವಾಗಿತ್ತು. ಬರೆದಿದ್ದು ರಿಚರ್ಡ್ ಓಬ್ರಿಯನ್, ಡೈರೆಕ್ಟರ್ ಜಿಮ್ ಶಾರ್ಮನ್. ರಿಲೀಸ್ ಆದಾಗ ಸಿನಿಮಾ ಮಕಾಡೆ ಮಲಗಿತು. ಅದಕ್ಕೆ ಜೀವ ಬಂದಿದ್ದು 1976ರ ಏಪ್ರಿಲ್ 1ರಿಂದ, ನ್ಯೂಯಾರ್ಕಿನ ವೇವರ್ಲಿ ಥಿಯೇಟರ್‌ನಲ್ಲಿ ಮಧ್ಯರಾತ್ರಿ ಶೋ ಹಾಕೋಕೆ ಶುರು ಮಾಡಿದ್ಮೇಲೆ. ಬಂದೋರು ಪರದೆಗೇ ಎದುರುತ್ತರ ಕೊಡೋಕೆ ಶುರು ಮಾಡಿದ್ರು, ಪಾತ್ರಗಳ ಥರ ಡ್ರೆಸ್ ಹಾಕ್ಕೊಂಡು ಬಂದ್ರು, ಮದುವೆ ಸೀನಲ್ಲಿ ಅಕ್ಕಿ ಎರಚಿದ್ರು, ಮಳೆ ಸೀನಲ್ಲಿ ನಾಯಕಿ ಪೇಪರ್ ತಲೆ ಮೇಲಿಟ್ಕೊಂಡ್ರೆ ಇವರೂ ಇಟ್ಕೊಂಡ್ರು. ಅಂದ್ರೆ ಈ ಸಿನಿಮಾದ ಅರ್ಧ ಭಾಗ ರೀಲಿನಲ್ಲಿದೆ, ಇನ್ನರ್ಧ ಜನರಲ್ಲಿದೆ. ಅಮೆರಿಕದಲ್ಲಿ ಇದರ ವಿಎಚ್‌ಎಸ್ ಕ್ಯಾಸೆಟ್ ಬಂದಿದ್ದೇ 1990ರಲ್ಲಿ, ಸಿನಿಮಾ ಬಂದು 15 ವರ್ಷ ಆದ್ಮೇಲೆ. ಮನೇಲಿ ಕೂತು ನೋಡ್ಬೇಕು ಅಂದ್ರೆ ಆ ಇನ್ನರ್ಧನ ಹೇಗೆ ತುಂಬ್ಕೊಳ್ಳೋದು ಅನ್ನೋದೇ ನಿಜವಾದ ತಲೆನೋವು, ಒಳ್ಳೇ ಡಿಸ್ಕುಗಳು ಗುದ್ದಾಡಿರೋದೂ ಅದರ ಜೊತೆಗೇನೇ.

ಮೊದಲು ಯಾವ ಕಟ್ ಅಂತ ನೋಡಿ

ರಾಕಿ ಹಾರರ್‌ಗೆ ಮುಖ್ಯವಾಗಿ ಎರಡು ವರ್ಷನ್ ಇದೆ, ಅಮೆರಿಕದ್ದು ಮತ್ತು ಬ್ರಿಟನ್ನಿನದು. ವ್ಯತ್ಯಾಸ ಇರೋದು ಕೊನೇಲಿ. ಎಲ್ಲ ಗಲಾಟೆ ಮುಗಿದ್ಮೇಲೆ ಉಳಿದೋರು ಹೊಗೆ ತುಂಬಿದ ನೆಲದ ಮೇಲೆ ತೆವಳ್ತಾ ಹಾಡೋ ಸೂಪರ್ ಹೀರೋಸ್ ಅನ್ನೋ ಹಾಡನ್ನ ಅಮೆರಿಕದ ರಿಲೀಸ್‌ನಲ್ಲಿ ಕತ್ತರಿಸಿ ಹಾಕಿದ್ರು, ಬ್ರಿಟಿಷ್ ವರ್ಷನ್ನಲ್ಲಿ ಅದು ಉಳ್ಕೊಂಡಿದೆ. ಒಂದೆರಡು ನಿಮಿಷದ ಮಾತು ಅಷ್ಟೇ, ಆದ್ರೆ ಸಿನಿಮಾ ಮುಗಿಯೋ ರುಚಿನೇ ಬದಲಾಗುತ್ತೆ. ಹಾಡಿಲ್ದಿದ್ರೆ ಪಾರ್ಟಿ ಮುಗೀತು ಮನೆಗೆ ಹೋಗಿ ಅನ್ನೋ ಹಾಗೆ ಮುಗಿಯುತ್ತೆ, ಹಾಡಿದ್ರೆ ಪಾರ್ಟಿಲಿ ಕುಡಿದಿದ್ದೆಲ್ಲ ಇಳಿದ್ಮೇಲೆ ಏನಾಗುತ್ತೋ ಅದು. ನನ್ ಕೇಳಿದ್ರೆ ಬ್ರಿಟಿಷ್ ವರ್ಷನ್ನೇ ನೋಡಿ, ಅಷ್ಟು ಹೊತ್ತು ನಕ್ಕಿದ್ದಕ್ಕೆ ಒಂದು ತೂಕ ಬರುತ್ತೆ.

ಯಾವ ವರ್ಷನ್ ಅಂತ ಕಂಡುಹಿಡಿಯೋದು ಹೇಗೆ? ಟೈಮ್ ನೋಡಿ. ಅಮೆರಿಕದ್ದು ಸುಮಾರು 98 ನಿಮಿಷ, ಬ್ರಿಟಿಷ್ ಸುಮಾರು 100. 2000ದಲ್ಲಿ ಬಂದ 25ನೇ ವರ್ಷದ ಎರಡು ಡಿಸ್ಕಿನ ಡಿವಿಡಿಲಿ ಎರಡೂ ಇವೆ, 2010ರ ಬ್ಲೂ-ರೇಲೂ ಎರಡೂ ಇವೆ, ಮೆನುನಲ್ಲಿ ಆರಿಸ್ಕೋಬೋದು. ಆ ಡಿವಿಡಿಲಿ ಇನ್ನೊಂದು ಮಜಾ ಅಡಗಿಸಿಟ್ಟಿದಾರೆ, ಮೆನುನಲ್ಲಿ ಹುಡುಕಿದ್ರೆ ಸಿಗುತ್ತೆ, ಅದರಲ್ಲಿ ಸಿನಿಮಾ ಶುರುವಿನ ಭಾಗ ಕಪ್ಪು-ಬಿಳುಪಲ್ಲಿದ್ದು, ನಾಯಕ-ನಾಯಕಿ ಕೋಟೆ ಒಳಗೆ ಹೋಗಿ ಟೈಮ್ ವಾರ್ಪ್ ಅನ್ನೋ ಹಾಡಿನ ಕುಣಿತ ಬಂದಾಗ ಬಣ್ಣಕ್ಕೆ ತಿರುಗುತ್ತೆ. ಮೊದಲ ಸಲಕ್ಕೆ ಬೇಡ, ಆದ್ರೆ ಸಿನಿಮಾ ಬಾಯಿಪಾಠ ಆಗಿರೋರಿಗೆ ಅದು ಹೊಸ ಸಿನಿಮಾ ನೋಡ್ದಂಗೇ.

ಕಟ್ ವಿಷಯಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಲಿಟ್ಲ್ ಶಾಪ್ ಆಫ್ ಹಾರರ್ಸ್, 1986ರದ್ದು, ಡೈರೆಕ್ಟರ್ ಫ್ರಾಂಕ್ ಆಝ್. ಹೂವಿನ ಅಂಗಡಿ ಹುಡುಗ, ರಕ್ತ ಕುಡಿಯೋ ಗಿಡ, ಹೊವರ್ಡ್ ಆಶ್‌ಮನ್ ಮತ್ತು ಅಲನ್ ಮೆಂಕೆನ್ ಹಾಡುಗಳು. (ಕಥೆಯ ಕೊನೆ ಗೊತ್ತಾಗೋದು ಬೇಡ ಅನ್ನೋರು ಈ ಪ್ಯಾರಾ ಹಾರಿಸಿ.) ನಾಟಕದಲ್ಲಿದ್ದ ಹಾಗೇ ಗಿಡ ಎಲ್ಲರನ್ನೂ ನುಂಗಿ ಗೆದ್ದು ಊರಿಗೆ ಊರೇ ಹಾಳು ಮಾಡೋ ಕ್ಲೈಮ್ಯಾಕ್ಸ್ ಮೊದಲು ಶೂಟ್ ಮಾಡಿದ್ರು, ಚಿಕ್ಕ ಚಿಕ್ಕ ಮಾಡೆಲ್ ಕಟ್ಟಡ, ಸೇತುವೆ, ಲಿಬರ್ಟಿ ಪ್ರತಿಮೆ ಮೇಲೆ ಹತ್ತೋ ಗಿಡ ಎಲ್ಲ ಸೇರಿ ಸಿಕ್ಕಾಪಟ್ಟೆ ದುಡ್ಡು ಸುರಿದು ಮಾಡಿದ್ದು. ಟೆಸ್ಟ್ ಶೋ ಹಾಕಿದಾಗ ಜನ ಹಾಡಿಗೆಲ್ಲ ಚಪ್ಪಾಳೆ ಹೊಡ್ದೋರು ನಾಯಕ-ನಾಯಕಿ ಸತ್ತ ತಕ್ಷಣ ತಣ್ಣಗಾಗ್ಬಿಟ್ರು. ಆಮೇಲೆ ಸುಖಾಂತ್ಯ ಶೂಟ್ ಮಾಡಿ ರಿಲೀಸ್ ಮಾಡಿದ್ರು. ಫ್ರಾಂಕ್ ಆಝ್ ಆಮೇಲೆ ಕೊಟ್ಟ ಕಾರಣ ತುಂಬ ಸರಿಯಾಗಿದೆ ಅನ್ಸುತ್ತೆ: ನಾಟಕದಲ್ಲಿ ಸತ್ತೋರು ಕೊನೇಲಿ ಎದ್ದು ಬಂದು ಕೈ ಮುಗೀತಾರೆ, ಸಿನಿಮಾದಲ್ಲಿ ಸತ್ತೋರು ಸತ್ತಂಗೇ, ಅದೂ ಅಷ್ಟು ಕ್ಲೋಸಪ್‌ನಲ್ಲಿ ನೋಡಿ ಹಚ್ಕೊಂಡಿರೋ ಮುಖಗಳು.

ಆ ಹಳೇ ಕ್ಲೈಮ್ಯಾಕ್ಸ್ 1998ರ ಡಿವಿಡಿಲಿ ಕಪ್ಪು-ಬಿಳುಪು ಕಚ್ಚಾ ರೂಪದಲ್ಲಿ ಬಂತು, ನಿರ್ಮಾಪಕ ಡೇವಿಡ್ ಗೆಫನ್ ಒಪ್ಪದೇ ಆ ಡಿಸ್ಕ್‌ನ ಮಾರ್ಕೆಟ್ಟಿಂದ ವಾಪಸ್ ತರಿಸ್ಕೊಂಡ್ರು, ಸಹಜವಾಗಿ ಕಲೆಕ್ಟರ್‌ಗಳು ಅದರ ಹಿಂದೆ ಬಿದ್ರು. ಈಗ ಅದನ್ನ ಹುಡುಕ್ಕೊಂಡು ಹೋಗೋ ಅವಶ್ಯಕತೆ ಇಲ್ಲ, 2012ರ ಬ್ಲೂ-ರೇಲಿ ಆ ಭಾಗ ಪೂರ್ತಿ ಬಣ್ಣದಲ್ಲಿ ಸರಿ ಮಾಡಿ ಡೈರೆಕ್ಟರ್ಸ್ ಕಟ್ ಅಂತ ಕೊಟ್ಟಿದಾರೆ, ಸುಮಾರು 103 ನಿಮಿಷ, ಥಿಯೇಟರ್ ವರ್ಷನ್ 94. ಡೈರೆಕ್ಟರ್ಸ್ ಕಟ್ ಅಂದ ತಕ್ಷಣ ಅದೇ ಅಸಲಿ ಅಂತ ಹಾರಿ ಬೀಳೋರು ಜಾಸ್ತಿ. ನಾನು ಹೇಳೋದು ಉಲ್ಟಾ, ಮೊದಲು 94 ನಿಮಿಷದ್ದು ನೋಡಿ, ಇನ್ನೊಂದಿನ ಇನ್ನೊಂದು. ಹಾಗೆ ನೋಡಿದ್ರೆ ಎರಡನೇದು ಬಹುಮಾನ ಥರ ಇರುತ್ತೆ, ಉಲ್ಟಾ ನೋಡಿದ್ರೆ ಸುಖಾಂತ್ಯ ಸಪ್ಪೆ ಹೊಡಿಯುತ್ತೆ. ಜಾನ್ ವಾಟರ್ಸ್‌ನ ಕ್ರೈ-ಬೇಬಿಗೂ (1990) ಹೀಗೇ ಎರಡಿವೆ, 85 ನಿಮಿಷ ಮತ್ತು 91 ನಿಮಿಷ, ಆದ್ರೆ ಅಲ್ಲಿ ಯಾವುದು ಸಿಕ್ಕಿದ್ರೂ ಪರವಾಗಿಲ್ಲ, ತಲೆ ಕೆಡಿಸ್ಕೋಬೇಡಿ.

ಸ್ಟ್ರೀಮಿಂಗ್‌ನಲ್ಲಿ ಇದೇ ದೊಡ್ಡ ಸಮಸ್ಯೆ. ಅಲ್ಲಿ ಸಿನಿಮಾ ಹೆಸರು, ಒಂದು ಪೋಸ್ಟರ್, ಮುಗೀತು. ಯಾವ ಕಟ್ ಅಂತ ಹೇಳೋರಿಲ್ಲ, ಇವತ್ತಿದ್ದಿದ್ದು ಮುಂದಿನ ತಿಂಗಳು ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಪ್ಲೇ ಒತ್ತೋ ಮುಂಚೆ ನಿಮಿಷ ಲೆಕ್ಕ ನೋಡೋ ಅಭ್ಯಾಸ ಮಾಡ್ಕೊಳ್ಳಿ, ಅಷ್ಟರಲ್ಲೇ ಅರ್ಧ ವಿಷಯ ಗೊತ್ತಾಗ್ಬಿಡುತ್ತೆ.

ಶ್ರುತಿ ಏರಿದ ಡಿವಿಡಿ

ಇದು ಜಾಸ್ತಿ ಜನ ಮಾತಾಡದ ವಿಷಯ, ಹಾಡಿನ ಸಿನಿಮಾಗೆ ಮಾತ್ರ ಇಷ್ಟು ಮುಖ್ಯ. ಸಿನಿಮಾ ಶೂಟ್ ಆಗೋದು ಸೆಕೆಂಡಿಗೆ 24 ಫ್ರೇಮ್. ಯುರೋಪ್ ಮತ್ತು ಇನ್ನೂ ಎಷ್ಟೋ ಕಡೆ ಇರೋ ಪಾಲ್ (PAL) ಅನ್ನೋ ಟಿವಿ ಪದ್ಧತಿಯ ಡಿವಿಡಿ ಓಡೋದು ಸೆಕೆಂಡಿಗೆ 25. ಅದಕ್ಕೆ ಸಿನಿಮಾನ 4% ಜೋರಾಗಿ ಓಡಿಸ್ತಾರೆ. ಮಾತಿನ ಸಿನಿಮಾಲಿ ಯಾರಿಗೂ ಗೊತ್ತಾಗಲ್ಲ, ಹಾಡಲ್ಲಿ ಗೊತ್ತಾಗುತ್ತೆ, ತಾಳ ಸ್ವಲ್ಪ ಅವಸರದ್ದು, ಶ್ರುತಿ ಹಾರ್ಮೋನಿಯಂನ ಅರ್ಧ ಮನೆಗಿಂತ ಸ್ವಲ್ಪ ಕಮ್ಮಿ ಮೇಲೇರಿರುತ್ತೆ, ರಾಕಿ ಹಾರರ್‌ನ ಮುಖ್ಯ ನಟ ಟಿಮ್ ಕರಿಯ ಆ ದಪ್ಪ ಕಂಠ ಸ್ವಲ್ಪ ತೆಳ್ಳಗಾಗುತ್ತೆ. ಸೌಂಡ್‌ಟ್ರ್ಯಾಕ್ ಆಲ್ಬಮ್ ಕೇಳಿ ಕೇಳಿ ಕಿವಿಗೆ ಅಂಟಿರೋರು ಈ ಡಿವಿಡಿ ಹಾಕಿದ್ರೆ ಏನೋ ಸರಿ ಇಲ್ಲ ಅಂತ ಚಡಪಡಿಸ್ತಾರೆ, ಏನು ಅಂತ ಗೊತ್ತಾಗಲ್ಲ. ಶ್ರುತಿ ಸರಿ ಮಾಡಿ ಬಿಟ್ಟಿರೋ ಪಾಲ್ ಡಿಸ್ಕೂ ಇವೆ, ಆದ್ರೆ ಸ್ಪೀಡ್ ಸ್ಪೀಡೇ. 98 ನಿಮಿಷದ ಸಿನಿಮಾ 94 ನಿಮಿಷ ಅಂತ ತೋರಿಸ್ತಿದ್ರೆ ಕಟ್ ಮಾಡಿದಾರೆ ಅಂತ ಗಾಬರಿ ಬೀಳ್ಬೇಡಿ, ಬರೀ ಓಡಿಸಿದಾರೆ. ಎನ್‌ಟಿಎಸ್‌ಸಿ (ಅಮೆರಿಕ ಕಡೆಯ ಪದ್ಧತಿ) ಡಿವಿಡಿಲಿ ಶ್ರುತಿ ಸರಿ ಇರುತ್ತೆ, ಕ್ಯಾಮೆರಾ ಪಕ್ಕಕ್ಕೆ ತಿರುಗೋವಾಗ ಮಾತ್ರ ಚೂರು ತಡವರಿಸಿದಂಗೆ ಕಾಣ್ಬೋದು. ಬ್ಲೂ-ರೇ ಮತ್ತು 4ಕೆ ಡಿಸ್ಕಲ್ಲಿ ಸಿನಿಮಾ ಸಾಮಾನ್ಯವಾಗಿ 24ರಲ್ಲೇ ಓಡುತ್ತೆ, ಗೋಳಿಲ್ಲ. ಡಿವಿಡಿ ಬಿಟ್ಟು ಬ್ಲೂ-ರೇಗೆ ಹೋಗಿ ಅನ್ನೋಕೆ ನನಗೆ ಪಿಕ್ಚರ್‌ಗಿಂತ ಇದೇ ದೊಡ್ಡ ಕಾರಣ.

ಎರಡನೇ ಜಗಳ ಮೋನೋ (ಸೌಂಡೆಲ್ಲ ಒಂದೇ ಚಾನೆಲ್ಲಲ್ಲಿ) ಮತ್ತು ಸರೌಂಡ್ (ಸುತ್ತಲೂ ಸ್ಪೀಕರ್) ಮಧ್ಯೆ. ಆ ಕಾಲದಲ್ಲಿ ರಾಕಿ ಹಾರರ್ ಥಿಯೇಟರಲ್ಲಿ ಕೇಳಿಸಿದ್ದು ಮೋನೋದಲ್ಲಿ, 2010ರ ಬ್ಲೂ-ರೇಲಿ 7.1 (ಎಂಟು ಚಾನೆಲ್) ಟ್ರ್ಯಾಕ್ ಜೊತೆಗೆ ಮೋನೋನೂ ಇದೆ. ಬರೀ ಟಿವಿ ಸ್ಪೀಕರ್ ಇರೋರು ಮೋನೋನೇ ಆರಿಸ್ಕೊಳ್ಳಿ ದಯವಿಟ್ಟು. ಎಂಟು ಚಾನೆಲ್ಲಿಗೆ ಅಂತ ಮಿಕ್ಸ್ ಮಾಡಿದ್ದನ್ನ ಎರಡು ಸ್ಪೀಕರಿಗೆ ಹಿಂಡಿದ್ರೆ ಮಾತೆಲ್ಲ ಪಿಸುಪಿಸು, ಹಾಡು ಬಂದ ತಕ್ಷಣ ಪಕ್ಕದ ಮನೆಯೋರು ಎದ್ದೇಳೋ ಅಷ್ಟು ಅಬ್ಬರ, ರಿಮೋಟ್ ಕೈಲಿ ಹಿಡ್ಕೊಂಡೇ ಸಿನಿಮಾ ನೋಡ್ಬೇಕಾಗುತ್ತೆ. ಸರಿಯಾದ ಸರೌಂಡ್ ಸೆಟಪ್ ಇದ್ರೆ ಮಾತ್ರ ಗುಂಪು ಹಾಡುಗಳಿಗೆ ದೊಡ್ಡ ಟ್ರ್ಯಾಕ್ ಹಾಕಿ, ಅದರ ಮಜಾ ಬೇರೆನೇ.

ಲಿಪ್ ಸಿಂಕ್ (ತುಟಿಗೂ ದನಿಗೂ ಹೊಂದಾಣಿಕೆ) ಟೆಸ್ಟ್ ಮಾಡೋಕೆ ರಾಕಿ ಹಾರರ್‌ಗಿಂತ ಒಳ್ಳೇ ಸಿನಿಮಾ ಇಲ್ಲ. ಶುರುವಾಗೋದೇ ಕಪ್ಪು ಪರದೆ ಮೇಲೆ ಬರೀ ಎರಡು ಕೆಂಪು ತುಟಿ, ಇನ್ನೇನೂ ಇಲ್ಲ, ತುಟಿ ನಟಿ ಪ್ಯಾಟ್ರಿಶಿಯಾ ಕ್ವಿನ್ ಅವರದ್ದು, ದನಿ ರಿಚರ್ಡ್ ಓಬ್ರಿಯನ್ ಅವರದ್ದು. ಪ, ಬ, ಮ ಥರ ತುಟಿ ಮುಚ್ಚೋ ಅಕ್ಷರ ಬಂದಾಗ ಕಣ್ಣಿಟ್ಟು ನೋಡಿ. ತುಟಿ ಮುಚ್ಚಿ ತೆರೆದ್ಮೇಲೆ ಸದ್ದು ಬಂದ್ರೆ ನಿಮ್ಮ ಸೌಂಡ್‌ಬಾರ್ ಹಿಂದೆ ಬಿದ್ದಿದೆ ಅಂತ, ಬ್ಲೂಟೂತಲ್ಲಿ ಕನೆಕ್ಟ್ ಮಾಡಿದ್ರೆ ಹೀಗಾಗೋದು ಜಾಸ್ತಿ, ವೈರ್ ಹಾಕಿ, ಇಲ್ಲಾಂದ್ರೆ ಟಿವಿ ಸೆಟ್ಟಿಂಗಲ್ಲಿ ಆಡಿಯೋ ಡಿಲೇ ಅಂತ ಇರುತ್ತೆ ಅದನ್ನ ಹಿಂದೆ ಮುಂದೆ ಮಾಡಿ. ಆ ಹಾಡು ಮುಗಿಯೋದ್ರೊಳಗೆ ಸರಿ ಮಾಡ್ಕೊಂಡ್ರೆ ಪೂರ್ತಿ ಸಿನಿಮಾ ನೆಮ್ಮದಿ. ಅದೇ ಸೀನು ಸ್ಟ್ರೀಮಿಂಗ್ ಕ್ವಾಲಿಟಿಗೂ ಟೆಸ್ಟು, ನೆಟ್ ಸ್ಲೋ ಇದ್ರೆ ತುಟಿ ಸುತ್ತ ಇರೋ ಕಪ್ಪು ಕಪ್ಪಾಗಿರಲ್ಲ, ಚೌಕ ಚೌಕ ಬೂದು ತೇಪೆ ಕಾಣುತ್ತೆ.

ಪಿಕ್ಚರ್ ಕ್ಲಿಯರ್ ಆದಷ್ಟೂ ಒಳ್ಳೇದಾ?

ಇಲ್ಲಿ ಜನ ಎರಡು ಪಂಗಡ. ಒಂದು ಪಂಗಡ ಹೇಳೋದು ಇಂಥ ಸಿನಿಮಾ ಗೀಚು ಗೀಚು ಪ್ರಿಂಟಲ್ಲೇ ಚಂದ, ತುಂಬ ತೊಳೆದ್ರೆ ಬಣ್ಣ ಬಿಟ್ಟೋಗುತ್ತೆ ಅಂತ. ನಾನು ಆ ಪಂಗಡ ಅಲ್ಲ. ಈ ಸಿನಿಮಾಗಳ ಸುಳ್ಳುತನ ಸರಿಯಾಗಿ ಕಂಡಾಗಲೇ ಖುಷಿ ಜಾಸ್ತಿ. ಲಿಟ್ಲ್ ಶಾಪ್‌ನ ಗಿಡನೇ ತಗೊಳ್ಳಿ, ಅದು ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ, ಜನ ಒಳಗೆ ಹೊರಗೆ ನಿಂತು ಆಡಿಸಿದ ಬೊಂಬೆ. ಅಷ್ಟು ದೊಡ್ಡ ರಬ್ಬರ್ ತುಟಿನ ಹಾಡಿನ ವೇಗಕ್ಕೆ ಆಡಿಸೋಕಾಗಲ್ಲ ಅಂತ ಎಷ್ಟೋ ಶಾಟ್‌ನ ಸೆಕೆಂಡಿಗೆ 12 ಅಥವಾ 16 ಫ್ರೇಮಲ್ಲಿ ಶೂಟ್ ಮಾಡಿ 24ರಲ್ಲಿ ಓಡಿಸಿದಾರೆ, ಅದೇ ಫ್ರೇಮಲ್ಲಿರೋ ನಾಯಕ ರಿಕ್ ಮೊರಾನಿಸ್ ನಿಧಾನವಾಗಿ ಆಕ್ಟ್ ಮಾಡಿ ತುಟಿನೂ ನಿಧಾನಕ್ಕೆ ಆಡಿಸಿದಾರೆ. ಬ್ಲೂ-ರೇಲಿ ಆ ಗಿಡದ ತುಟಿ ಅಂಚು ನಡುಗೋದು, ನಾಲಗೆ ಹೊರಳೋದು ಎಲ್ಲ ಕಾಣುತ್ತೆ, ಗಿಡಕ್ಕೆ ದನಿ ಕೊಟ್ಟ ಲೀವೈ ಸ್ಟಬ್ಸ್ ಕಂಠಕ್ಕೆ ಕೂದಲೆಳೆ ತಪ್ಪದ ಹಾಗೆ ಕೂರುತ್ತೆ. ಡಿವಿಡಿಲಿ ಅದು ಹಸಿರು ಮುದ್ದೆ.

ಫ್ಯಾಂಟಮ್ ಆಫ್ ದಿ ಪ್ಯಾರಡೈಸ್ (1974, ಬ್ರಯಾನ್ ಡಿ ಪಾಲ್ಮಾ) ಇನ್ನೂ ತಮಾಷೆ. ಸಿನಿಮಾದೊಳಗಿನ ರೆಕಾರ್ಡ್ ಕಂಪನಿಗೆ ಸ್ವಾನ್ ಸಾಂಗ್ ಅಂತ ಹೆಸರಿಟ್ಟು ಶೂಟ್ ಮುಗಿಸಿದ್ರು, ಅಷ್ಟರಲ್ಲಿ ಲೆಡ್ ಝೆಪೆಲಿನ್ ಬ್ಯಾಂಡ್ ಅದೇ ಹೆಸರಲ್ಲಿ ತಮ್ಮ ಲೇಬಲ್ ಶುರು ಮಾಡಿತ್ತು, ಕೇಸಿನ ಭಯಕ್ಕೆ ಇವರು ಫಿಲ್ಮ್ ಮೇಲೆಯೇ ಹೆಸರು ಮುಚ್ಚಿ ಡೆತ್ ರೆಕಾರ್ಡ್ಸ್ ಅಂತ ತೇಪೆ ಹಾಕಿದ್ರು. ಒಳ್ಳೇ ಬ್ಲೂ-ರೇಲಿ ಆ ತೇಪೆ ಅಲ್ಲಾಡೋದು ಕಣ್ಣಿಗೆ ಹೊಡಿಯುತ್ತೆ, ಒಂದು ಸಲ ಗೊತ್ತಾದ್ರೆ ಪ್ರತಿ ಸೀನಲ್ಲೂ ಅದನ್ನೇ ಹುಡುಕ್ತೀರ. ಹಳೇ ಕ್ಯಾಸೆಟ್ಟಲ್ಲಿ ಇದೆಲ್ಲ ಎಲ್ಲಿ ಕಾಣ್ಬೇಕು.

ಕ್ಯಾಸೆಟ್ ಅಂದ್ಮೇಲೆ, ವಿಎಚ್‌ಎಸ್ ಬಗ್ಗೆ ಎರಡೇ ಮಾತು. ನಾಸ್ಟಾಲ್ಜಿಯಾ ಇದ್ರೆ ಶೆಲ್ಫಲ್ಲಿಡಿ. ಹಳೇ ಟಿವಿ ಅಳತೆಗೆ ಎರಡೂ ಕಡೆ ಕತ್ತರಿಸಿರೋದ್ರಿಂದ ಗುಂಪು ಕುಣಿತದಲ್ಲಿ ಅಂಚಿನಲ್ಲಿರೋರು ಮಾಯ, ಇಂಥ ಸಿನಿಮಾಲಿ ಅಂಚಿನಲ್ಲಿರೋರೇ ಅಲ್ವಾ ಜಾಸ್ತಿ ತರಲೆ ಮಾಡೋದು.

ಬ್ಲೂ-ರೇಲಿ ರಾಕಿ ಹಾರರ್ ಹಾಕಿದಾಗ ಟಿವಿ ಎರಡೂ ಪಕ್ಕ ಸಣ್ಣ ಕಪ್ಪು ಪಟ್ಟಿ ಬಂದ್ರೆ ಜೂಮ್ ಮಾಡ್ಬೇಡಿ, ಅದು 1.66:1 ಅಳತೆಯ ಸಿನಿಮಾ, ಇರ್ಬೇಕಾದ್ದೇ ಹಾಗೆ. ಇನ್ನೊಂದು, ಟಿವಿ ಮೆನುನಲ್ಲಿ ಮೋಷನ್ ಸ್ಮೂದಿಂಗ್ ಅಂತಾನೋ ಬೇರೆ ಯಾವುದೋ ಹೆಸರಲ್ಲೋ ಚಲನೆನ ಕೃತಕವಾಗಿ ನುಣುಪು ಮಾಡೋ ಒಂದು ಶನಿ ಇರುತ್ತೆ, ಅದನ್ನ ಆಫ್ ಮಾಡಿ, ಇಲ್ಲಾಂದ್ರೆ ಇಡೀ ಸಿನಿಮಾ ಸಂಜೆ ಸೀರಿಯಲ್ ಥರ ಕಾಣುತ್ತೆ.

ಒಬ್ರೇನಾ, ಗ್ಯಾಂಗ್ ಜೊತೆನಾ

ಗ್ಯಾಂಗ್ ಇದ್ರೆ ಸ್ಟ್ರೀಮಿಂಗ್ ಬೇಡ, ಡಿಸ್ಕ್ ಹಾಕಿ, ಅದೂ ಎಕ್ಸ್‌ಟ್ರಾ ಇರೋದು. 2000ದ ಡಿವಿಡಿಲಿ ಥಿಯೇಟರ್ ಜನ ಕೂಗೋದನ್ನೇ ಟ್ರ್ಯಾಕ್ ಮಾಡಿ ಕೊಟ್ಟಿದಾರೆ, ಯಾವಾಗ ಏನು ಎಸೀಬೇಕು ಅಂತ ಪರದೆ ಮೇಲೆ ಸೂಚನೆ ಬರೋ ಆಪ್ಷನ್ನೂ ಇದೆ. 2010ರ ಬ್ಲೂ-ರೇಲಿ ಕ್ಯಾರಿಯೋಕೆ ಇದೆ. ಆದ್ರೆ ಜನ ಕೂಗೋ ಟ್ರ್ಯಾಕ್ ಬಗ್ಗೆ ಒಂದು ಎಚ್ಚರಿಕೆ, ಮೊದಲ ಸಲ ನೋಡೋರಿಗೆ ಅದನ್ನ ಹಾಕ್ಲೇಬೇಡಿ. ಹಾಡಿನ ಸಾಲೂ ಕೇಳಲ್ಲ, ಜೋಕೂ ಕೇಳಲ್ಲ, ಯಾರೋ ನಗ್ತಿದಾರೆ ತಾನು ಪೆಚ್ಚಾಗಿ ಕೂತಿದೀನಿ ಅನ್ನೋ ಭಾವನೆ ಬರುತ್ತೆ, ಆಮೇಲೆ ಜನ್ಮದಲ್ಲಿ ಆ ಸಿನಿಮಾ ಕಡೆ ತಿರುಗಿ ನೋಡಲ್ಲ. ಹೊಸಬ್ರು ಒಬ್ರಿದ್ರೂ ಸಾದಾ ಟ್ರ್ಯಾಕ್, ಜೊತೆಗೆ ಇಂಗ್ಲಿಷ್ ಸಬ್‌ಟೈಟಲ್ ಆನ್. ಹಾಡಿನ ಸಾಹಿತ್ಯದಲ್ಲಿ ಹಳೇ ಸೈನ್ಸ್ ಫಿಕ್ಷನ್ ಸಿನಿಮಾಗಳ ಹೆಸರೆಲ್ಲ ತುರುಕಿರೋದ್ರಿಂದ ಸಬ್‌ಟೈಟಲ್ ಇಲ್ದೆ ಅರ್ಧ ತಪ್ಪೋಗುತ್ತೆ. ಕೆಲವು ಹಳೇ ಡಿಸ್ಕಲ್ಲಿ ಮಾತಿಗೆ ಸಬ್‌ಟೈಟಲ್ ಇದ್ದು ಹಾಡಿಗೆ ಇರಲ್ಲ, ತಗೊಳ್ಳೋ ಮುಂಚೆ ವಿಚಾರಿಸಿ.

ಎಸೆಯೋ ಸಾಮಾನಿನ ವಿಷಯಕ್ಕೆ ಬಂದ್ರೆ ಪೇಪರ್, ಪಾರ್ಟಿ ಟೋಪಿ, ಇಸ್ಪೀಟ್ ಎಲೆ ಓಕೆ. ಅಕ್ಕಿ ಮತ್ತು ವಾಟರ್ ಗನ್ ಥಿಯೇಟರಿಗೇ ಇರ್ಲಿ, ಸೋಫಾ ಸಂದಿಯಿಂದ ಅಕ್ಕಿ ತೆಗೆಯೋ ಕೆಲಸ ಯಾವ ಶತ್ರುಗೂ ಬೇಡ, ನೀರು ಮತ್ತು ಟಿವಿ ಬಗ್ಗೆ ಹೇಳೋದೇ ಬೇಡ.

ಒಬ್ರೇ ನೋಡೋರಿಗೆ ರಾಕಿ ಹಾರರ್ ಮೊದಲ ಆಯ್ಕೆ ಅಲ್ಲ ಅಂತೀನಿ, ನಿಷ್ಠಾವಂತರು ಬೈಕೊಳ್ಲಿ. ಮೊದಲರ್ಧದ ಹಾಡುಗಳಾದ್ಮೇಲೆ ಮಧ್ಯದಲ್ಲಿ ಅದು ಎಳೆಯುತ್ತೆ, ಜನ ಕೂಗೋಕೆ ಶುರು ಮಾಡಿದ್ದೇ ಆ ಖಾಲಿ ಜಾಗ ತುಂಬೋಕೆ ಅಂತ ನನ್ನ ಅನುಮಾನ. ಒಬ್ರೇ ಇದ್ರೆ ಫ್ಯಾಂಟಮ್ ನೋಡಿ, ಪಾಲ್ ವಿಲಿಯಮ್ಸ್ ಹಾಡುಗಳು ನಗಿಸ್ತಾ ನಗಿಸ್ತಾ ಚುಚ್ಚುತ್ವೆ. ರಾಕಿ ಹಾರರ್‌ನ ಒಬ್ರೇ ನೋಡ್ಲೇಬೇಕು ಅಂದ್ರೆ ಓಬ್ರಿಯನ್ ಮತ್ತು ಪ್ಯಾಟ್ರಿಶಿಯಾ ಕ್ವಿನ್ ಸೇರಿ ಕೊಟ್ಟಿರೋ ಕಾಮೆಂಟರಿ ಟ್ರ್ಯಾಕ್ ಹಾಕ್ಕೊಳ್ಳಿ, ಇಬ್ರು ಹಳೇ ಸ್ನೇಹಿತರು ಪಕ್ಕದಲ್ಲಿ ಕೂತಂಗಿರುತ್ತೆ. ಮನೇಲಿ ವಯಸ್ಸಾದೋರು, ಹದಿಹರೆಯದ ಮಕ್ಕಳು ಎಲ್ಲ ಇದಾರೆ ಅಂದ್ರೆ ಲಿಟ್ಲ್ ಶಾಪ್, ಅದೂ ಚಿಕ್ಕ ಮಕ್ಕಳಿಗಲ್ಲ, ಸ್ಟೀವ್ ಮಾರ್ಟಿನ್ ಮಾಡಿರೋ ಹಲ್ಲಿನ ಡಾಕ್ಟರ್ ಪಾತ್ರ ಹೆಂಗಸಿಗೆ ಹೊಡಿಯೋನು, ನೋಡಿ ನಿರ್ಧಾರ ಮಾಡಿ. ರಾಕಿ ಹಾರರ್ ಮಾತ್ರ ಪಕ್ಕಾ ದೊಡ್ಡೋರ ಸಿನಿಮಾ, ಅಜ್ಜಿ ಎದುರಿಗೆ ಹಾಕಿ ಆಮೇಲೆ ನನ್ನ ಬೈಬೇಡಿ.

ಕೆಟ್ಟದ್ದನ್ನೇ ಹುಡುಕಿ ಖುಷಿ ಪಡೋರಿಗೆ ಝಾನಡು (1980) ಇದೆ, ಒಲಿವಿಯಾ ನ್ಯೂಟನ್-ಜಾನ್, ರೋಲರ್ ಸ್ಕೇಟು, ಜೀನ್ ಕೆಲ್ಲಿಯ ಕೊನೇ ಕಥಾಚಿತ್ರದ ಪಾತ್ರ. ಇದನ್ನೂ ಇನ್ನೊಂದು ಮ್ಯೂಸಿಕಲ್ಲನ್ನೂ ಒಟ್ಟಿಗೆ ನೋಡಿದ ಒಬ್ಬ ಪುಣ್ಯಾತ್ಮನಿಗೆ ಕೆಟ್ಟ ಸಿನಿಮಾಗಳಿಗೆ ಪ್ರಶಸ್ತಿ ಕೊಡೋ ಐಡಿಯಾ ಬಂದು ರ್‍ಯಾಝಿ ಶುರುವಾಯ್ತು. ಹಾಡುಗಳು ಮಾತ್ರ ಸಖತ್, ಅದಕ್ಕೇ ಇದಕ್ಕೂ ಪಾಲ್ ಡಿವಿಡಿ ಬೇಡ. ಕಥೆ ಒಂದು ಸಲಕ್ಕೆ ಸಾಕು, ಬಾಡಿಗೆಗೋ ಸ್ಟ್ರೀಮಿಂಗಲ್ಲೋ ನೋಡಿ ಬಿಡಿ.

ದುಡ್ಡು ಕೊಡೋ ಮುಂಚೆ ರೀಜನ್ ಕೋಡ್, ಅಂದ್ರೆ ಡಿಸ್ಕ್ ಯಾವ ದೇಶಗಳ ಪ್ಲೇಯರಲ್ಲಿ ಓಡುತ್ತೆ ಅನ್ನೋ ಗುರುತು, ನೋಡಿ. ಡಿವಿಡಿಗೆ 1ರಿಂದ 6, ಬ್ಲೂ-ರೇಗೆ ಎ, ಬಿ, ಸಿ, ನಿಮ್ಮ ಪ್ಲೇಯರ್‌ಗೆ ಹೊಂದ್ಲಿಲ್ಲ ಅಂದ್ರೆ ಡಿಸ್ಕ್ ಬರೀ ಕನ್ನಡಿ. 4ಕೆ ಡಿಸ್ಕುಗಳಿಗೆ ಈ ಕಾಟ ಇಲ್ಲ, ಆದ್ರೆ ಅದಕ್ಕೆ 4ಕೆ ಪ್ಲೇಯರ್ರೇ ಬೇಕು, ಮತ್ತೆ ಅದೇ ಪ್ಯಾಕಲ್ಲಿ ಬರೋ ಬ್ಲೂ-ರೇಗೆ ರೀಜನ್ ಇರ್ಬೋದು.

ಈಗಾಗ್ಲೇ 2010ರ ರಾಕಿ ಹಾರರ್ ಬ್ಲೂ-ರೇ ಇಟ್ಕೊಂಡಿರೋರು, 50 ವರ್ಷ ತುಂಬಿದ್ದಕ್ಕೆ 2025ರಲ್ಲಿ ಬಂದ 4ಕೆ ತಗೋಬೇಕಾ ಅಂತ ಕೇಳ್ತಾರೆ. ದೊಡ್ಡ ಪರದೆ, ಕತ್ತಲೆ ರೂಮು, ಎಚ್‌ಡಿಆರ್ (ಬೆಳಕು-ಬಣ್ಣ ಇನ್ನೂ ಗಾಢವಾಗಿ ತೋರಿಸೋ ಪದ್ಧತಿ) ಸರಿಯಾಗಿ ತೋರಿಸೋ ಟಿವಿ ಇದ್ರೆ ತಗೊಳ್ಳಿ, ಆ ಕೆಂಪು ತುಟಿ, ಲಿಪ್‌ಸ್ಟಿಕ್ಕು, ಚಮಕಿ ಬಟ್ಟೆ ಇದಕ್ಕೆಲ್ಲ ಎಚ್‌ಡಿಆರ್ ಹೇಳಿ ಮಾಡ್ಸಿದ್ದು. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಹಾಕ್ಕೊಂಡು 43 ಇಂಚಿನ ಟಿವಿಲಿ ನೋಡೋರಾದ್ರೆ ವ್ಯತ್ಯಾಸ ಹುಡುಕೋಕೆ ಭೂತಗನ್ನಡಿ ಬೇಕು, ಆ ದುಡ್ಡಲ್ಲಿ ಒಂದು ಸುಮಾರಾದ ಸೌಂಡ್‌ಬಾರ್ ತಗೊಳ್ಳಿ, ವೈರ್ ಇರೋದು.